ನೀವು ನೋಡದ ಸೆಮಿಫೈನಲ್

ಹಿಂದವಾಡಿ, ಬೆಳಗಾವಿ
೧೪ ಡಿಸೆಂಬರ್ ೨೦೨೪, ಶನಿವಾರ

ಗೌರೀಶನ ಅಪ್ಪಾಜಿಯವರಿಗೆ,

ಶರಣು. ಮೊಣಕಾಲು ಹೇಗಿದೆ? ಈ ಥಂಡಿಯಲ್ಲಿ ಮಫ್ಲರ್ ಕೂಡ ಸುತ್ತಿಕೊಳ್ಳದೆ ಮಲಪ್ರಭೆಯ ದಂಡೆಗೆ ತಿರುಗಾಡಲು ಹೋಗುತ್ತೀರೆಂದು ಕಾಶಕ್ಕ ಫೋನಿನಲ್ಲಿ ಚಾಡಿ ಹೇಳಿದರು. ತಮ್ಮ ಉಣ್ಣಲು ಎದುರಿಗೆ ಕೂತರೆ ನಿಮ್ಮ ಈ ಅಕ್ಕನ ತುಪ್ಪದ ಕೈ ಸಡಿಲಾಗುತ್ತದೆ, ನನಗೆ ಗೊತ್ತು. ಸಕ್ಕರೆ ಗುಳಿಗೆ ಮರೆಯಬೇಡಿ. ಇಲ್ಲಿ ನಾವೆಲ್ಲ ಆರಾಮ. ಬಸ್ಸು ಹತ್ತಿದರೆ ತಾಸಿನಲ್ಲಿ ಸಿಗುವ ಗಂಡನಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ಗೌರೀಶ ನಗುತ್ತಿದ್ದಾನೆ. ಏನು ಮಾಡಲಿ, ಫೋನಿನಲ್ಲಿ ಫುಟ್‌ಬಾಲ್ ಎಂಬ ಮಾತು ಬಂದ ಕೂಡಲೇ ನೀವು "ಆತು, ಇಡ್ತೀನಿ" ಎನ್ನುತ್ತೀರಿ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ಕೈಯಲ್ಲಿರುತ್ತದೆ.

ಕಾಲೇಜಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಿಮ್ಮ ಜಾಗಕ್ಕೆ ನಿಮ್ಮ ಶಿಷ್ಯ ಅಮರನನ್ನೇ ಕೋಚ್ ಮಾಡಿದ ಮರುದಿನ ನೀವು "ಎಂಟ್ ದಿನ ಅಕ್ಕನ ಕಡೆ ಇದ್ದ ಬರ್ತೀನಿ" ಎಂದು ಹೋದಿರಿ. ಆಗ ಛತ್ರಿ ಹಿಡಿದು ಹೋಗಿದ್ದಿರಿ. ಈಗ ಹಿತ್ತಲಿನ ಅವರೆ ಬಳ್ಳಿ ಕಾಯಿ ಬಿಟ್ಟಿದೆ. ಕಾಶಕ್ಕನ ಮನೆ ನಿಮಗೆ ಪರಕೀಯವಲ್ಲ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ನೀವಿಲ್ಲದ ಈ ಮನೆಯಲ್ಲಿ ನಿಮ್ಮ ಟೀಮಿನ ಮೇಲೆ ಎಷ್ಟು ವಾದ ನಡೆದಿದೆ ಎಂಬುದು ನಿಮಗೆ ತಿಳಿಯಬೇಕು.

ರವಿವಾರವಾದರೆ ಸಾಕು, ನನ್ನ ತಮ್ಮ ಗುರುಪುತ್ರಪ್ಪ ಆಟೋ ನಗರದ ವರ್ಕ್‌ಶಾಪಿಗೆ ಕೀಲಿ ಹಾಕಿ ಇಲ್ಲಿಗೆ ಬರುತ್ತಾನೆ. ಅವನದು ಒಂದೇ ಪಲ್ಲವಿ: "ಭಾವ ಇದ್ದಾಗ ನಮ್ಮ ಹುಡುಗ್ರು ಒಂದ್ ಗೋಲ್ ತಿನ್ನಾಕ ನಾಚ್ಕೊತಿದ್ರು. ಈಗ ನೋಡು, ಮೊದಲನೇ ಮ್ಯಾಚಿನ್ಯಾಗ ನಾಕ್ ತಿಂದ ಬಂದಾರ." ಗೌರೀಶ ನಿಮ್ಮ ಕೈಕೆಳಗೇ ಆಡಿದವನಾದರೂ ಬಿಡುವುದಿಲ್ಲ. "ತಿಂತಾರ ಖರೇ ಮಾಮಾ, ಹೊಡೀತಾರೂ ಅಲ್ಲ? ನಾವು ಒಂದ್ ಗೋಲ್ ಹೊಡದು ಬಾಗ್ಲಾ ಹಾಕ್ಕೊಂಡ್ ಕುಂದರ್ತಿದ್ವಿ." ನಡುವೆ ರೊಟ್ಟಿ ಆರುತ್ತದೆ, ಪಲ್ಯ ಆರುತ್ತದೆ. ಇಬ್ಬರ ಮಾತಿನಲ್ಲೂ ಟೀಮಿಗಿಂತ ಹೆಚ್ಚು ನೀವೇ ಇರುತ್ತೀರಿ. ಅದನ್ನು ಕೇಳುತ್ತಾ ನಾನು ಒಲೆಯ ಮುಂದೆ ಇನ್ನೊಂದು ರೊಟ್ಟಿ ತಟ್ಟುತ್ತೇನೆ.

ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಮಳೆಗಾಲದಲ್ಲಿ ಟೀಮಿನ ಜರ್ಸಿಗಳೆಲ್ಲ ನಮ್ಮ ಮನೆಗೇ ಒಗೆಯಲು ಬರುತ್ತಿದ್ದವು. ಮೈದಾನದ ಕೆಂಪು ಕೆಸರು ನಮ್ಮ ಬಚ್ಚಲ ಕಲ್ಲಿನಿಂದ ಹೋದದ್ದೇ ಇಲ್ಲ. ಮನೆಯಲ್ಲಿ ತತ್ತಿ ಬೇಯಿಸುವಂತಿಲ್ಲವೆಂದು ಹುಡುಗರಿಗೆ ಶೇಂಗಾ ಉಂಡಿ ಕಟ್ಟಿ ಕಳಿಸುತ್ತಿದ್ದೆ. ಈ ಅಮರ, ಖಾನಾಪುರದಿಂದ ಬಂದ ಕಡ್ಡಿಯಂಥ ಹುಡುಗ, ಬಾಯಿ ತೆರೆದರೆ ಅರ್ಧ ಮರಾಠಿ, ಪ್ರಾಕ್ಟೀಸು ಮುಗಿಯುವಷ್ಟರಲ್ಲಿ ಊರ ಬಸ್ಸು ತಪ್ಪಿಸಿಕೊಂಡು ಒಂದಿಡೀ ಮಳೆಗಾಲ ನಮ್ಮ ಪಡಸಾಲೆಯಲ್ಲೇ ಮಲಗಿದ. ಅಂದಿನಿಂದ ನನಗೆ ಸ್ವಂತ ಚಿಕ್ಕಮ್ಮನೆಂಬಂತೆ "ಕಾಕು" ಎನ್ನುತ್ತಾನೆ. ಇಷ್ಟೆಲ್ಲ ಮಾಡಿದ ನಾನು ಒಂದೇ ಒಂದು ಮ್ಯಾಚು ನೋಡಿರಲಿಲ್ಲ. ಕೇಳಿದಾಗಲೆಲ್ಲ ನೀವು "ನಿನಗೇನ್ ತಿಳೀತದ ಬಿಡು" ಎಂದು ಸೈಕಲ್ ಹತ್ತುತ್ತಿದ್ದಿರಿ.

ಕಳೆದ ರವಿವಾರ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್ ಇತ್ತು. ಇವರಿಬ್ಬರ ವಾದ ಕೇಳಿ ಕೇಳಿ ಸಾಕಾಗಿ, ನಾನೇ ನೋಡಿ ಬರುತ್ತೇನೆಂದು ಹೊರಟೆ. ಮಾಮ ಸೋದರಳಿಯರ ನಡುವೆ ಕಲ್ಲು ಮೆಟ್ಟಿಲ ಮೇಲೆ ಕೂತೆ. ಮೊದಲ ಅರ್ಧದಲ್ಲೇ ನಮ್ಮವರು ಎರಡು ಗೋಲು ಬಿಟ್ಟುಕೊಟ್ಟರು. ಗುರುಪುತ್ರಪ್ಪ "ಹೇಳಿದ್ನಿಲ್ಲ" ಎಂದು ತೊಡೆ ತಟ್ಟಿಕೊಂಡ. ಗೌರೀಶ ಉಗುರು ಕಚ್ಚುತ್ತಿದ್ದ. ಬಳಿಕ ಹುಡುಗರು ಅದೆಲ್ಲಿಂದ ಕಸುವು ತಂದರೋ, ಓಡಿ ಓಡಿ ಒಂದು ಹೊಡೆದರು, ಇನ್ನೊಂದು ಹೊಡೆದು ಸಮ ಮಾಡಿದರು. ನಡುವೆ ಒಬ್ಬ ಖಾಲಿ ಗೋಲಿನ ಮೇಲಿಂದ ಚೆಂಡು ಹಾರಿಸಿದ. ಅವನು ಹೆದರಿ ಗೆರೆಯ ಕಡೆ ನೋಡಿದರೆ ಅಮರ ಚಪ್ಪಾಳೆ ತಟ್ಟಿ "ಇರ್ಲಿ, ಇನ್ನೊಮ್ಮೆ ಹೊಡಿ" ಎಂದ. ನಿಮ್ಮ ಕಾಲದಲ್ಲಿ ಹಾಗೆ ತಪ್ಪಿಸಿದವನು ಸಂಜೆ ನಮ್ಮ ಮನೆಯಲ್ಲಿ ತಾಟಿನಿಂದ ತಲೆ ಎತ್ತುತ್ತಿರಲಿಲ್ಲ. ನಾನು ಸುಮ್ಮನೆ ಇನ್ನೊಂದು ಚಮಚೆ ಹೆಚ್ಚು ಬಡಿಸುತ್ತಿದ್ದೆ.

ಕೊನೆಗೆ ಎದುರಿನವರು ಮೇಲೆ ಮೇಲೆ ನುಗ್ಗಿ ಬಂದರು. ನಮ್ಮ ಹುಡುಗರು ಚೆಂಡಿನ ಹಿಂದೆ ಗುಂಪಾಗಿ ಓಡತೊಡಗಿದರು. ಆಗ ಅಮರ ಗೆರೆಯ ತುದಿಗೆ ಬಂದು ಕೂಗಿದ: "ಚೆಂಡ್ ಬಿಡ್ರೋ, ಮನಷ್ಯಾನ್ನ ಹಿಡೀರಿ." ನಮ್ಮ ಪಡಸಾಲೆಯಲ್ಲಿ ಹುಡುಗರಿಗೆ ನೀವು ಹೇಳುತ್ತಿದ್ದ ಅದೇ ಮಾತು, ಅದೇ ಎಳೆತ. ನಾನು ನಿಮ್ಮನ್ನು ಹುಡುಕಿ ಹಿಂದಕ್ಕೆ ತಿರುಗಿ ನೋಡಿದೆ. ನೀವೇ ಬಂದು ನಿಂತಿದ್ದೀರೇನೋ ಎನಿಸಿತು. ಹುಡುಗರು ಒಬ್ಬೊಬ್ಬರು ಒಬ್ಬೊಬ್ಬರನ್ನು ಹಿಡಿದು ನಿಂತುಬಿಟ್ಟರು, ಒಂದು ಚೆಂಡೂ ದಾಟಲಿಲ್ಲ. ಆಮೇಲೆ ಪೆನಾಲ್ಟಿಯಲ್ಲಿ ಸೋತೆವು.

ಮೈದಾನದ ಹೊರಗೆ ಚಹಾ ಕುಡಿಯುವಾಗ ಇಬ್ಬರೂ ನನ್ನನ್ನೇ ನ್ಯಾಯ ಹೇಳಲು ಕೂರಿಸಿದರು. ನಾನು ಹೇಳಿದೆ: "ತಡಿಯೂದು ಅವರು ಕಲಿಸಿದ್ದು, ಹೊಡಿಯೂದು ಅಮರ ಕಲಿಸ್ಯಾನ. ಸೋತ ಮ್ಯಾಲೂ ಹುಡುಗ್ರು ನಕ್ಕೋತ ಚಹಾ ಕುಡ್ಯಾಕತ್ತಾರ ನೋಡ್ರಿ, ಅದೊಂದು ನಾ ನಮ್ಮ ಮನ್ಯಾಗ ನೋಡಿರಲಿಲ್ಲ." ಟೀಮು ಕೆಟ್ಟಿಲ್ಲ ರೀ. ಇದು ನಿಮಗೆ ಸಮಾಧಾನವೋ ಸಂಕಟವೋ ನಾನರಿಯೆ. ನಿಮ್ಮನ್ನು ಮೆಚ್ಚಿಸಲು ಸುಳ್ಳು ಬರೆಯುವ ವಯಸ್ಸು ನನ್ನದಲ್ಲ.

ಕಾಶಕ್ಕನಿಗೆ ನನ್ನ ಶರಣಾರ್ಥಿ ಹೇಳಿ. ಗುರುಪುತ್ರಪ್ಪ ನಿಮ್ಮಲ್ಲಿಗೇ, ಖಾನಾಪುರಕ್ಕೆ, ಯಾರದೋ ಗಾಡಿ ನೋಡಲು ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಗಂಗಾದೇವಿ

ತಾ.ಕ.: ಗುರುಪುತ್ರಪ್ಪ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಅಮರ ಮನೆಗೆ ಬಂದಿದ್ದ, ಜೊತೆಗೆ ಒಂದು ಹಿಂಡು ಹುಡುಗಿಯರು. ಕಾಲೇಜಿನಲ್ಲಿ ಹುಡುಗಿಯರ ಟೀಮು ಕಟ್ಟಿದ್ದಾರಂತೆ, ಕಲಿಸುವವರಿಲ್ಲ. "ಸರ್‌ನ ಕೇಳಾಕ ನನಗ ಧೈರ್ಯ ಇಲ್ಲ ಕಾಕು, ನೀವಽ ಕೇಳ್ರಿ" ಎಂದ. ಅವರಲ್ಲಿ ಸಮೃದ್ಧಿ ಎಂಬ ಹುಡುಗಿ ಕೇಳಿದಳು, "ಸರ್ ಭಾಳ ಬೈತಾರಂತ, ಖರೇ ಏನ್ರಿ?" ಖರೇ ಎಂದೆ. "ಹಂಗಾರ ಅವರಽ ಬೇಕ್ರಿ ನಮಗ. ನಾವು ಎಷ್ಟ ಕೆಟ್ಟ ಆಡಿದ್ರೂ ಎಲ್ಲಾರೂ ಚೊಲೋ ಆಡಿದ್ರಿ ಅಂತಾರ" ಎಂದಳು. ಸೋಮವಾರ ಬೆಳಿಗ್ಗೆ ನೀವು ಮೈದಾನಕ್ಕೆ ಬರುತ್ತೀರೆಂದು ನಿಮ್ಮನ್ನು ಕೇಳದೆಯೇ ಹೇಳಿಬಿಟ್ಟಿದ್ದೇನೆ.