ಜೆಟ್ ದೋಣಿಯ ಮೊದಲ ಗೀರು

ಕಳಸ, ಹೊಳೆಯ ಆಚೆ ದಡ
೨೪ ನವೆಂಬರ್ ೨೦೨೫, ಸೋಮವಾರ

ಅಪಘಾತವಾದ ಗಾಡಿಗಳ ಗೀರು ನೋಡಿ ಇನ್ಶೂರೆನ್ಸ್ ಕಂಪನಿಗೆ ವರದಿ ಬರೆಯುವ ನನ್ನ ಮಗಳು ಪಂಚಮಿಗೆ,

ನಿವೃತ್ತ ಗಣಿತದ ಮೇಡಂ, ಹಾಲಿ ಜೆಟ್ ದೋಣಿಯ ಒಡತಿ ಆದ ನಿನ್ನ ಅಮ್ಮ ಭಾಗೀರಥಿ ಮಾಡುವ ಆಶೀರ್ವಾದ. ಚಿಕ್ಕಮಗಳೂರಿನ ಬಸ್ಸು ಹತ್ತುವಾಗ ನೀನು ಹಾಕಿದ ಷರತ್ತು ನೆನಪಿದೆ. "ಒಂದು ತಿಂಗಳು ಓಡಿಸು ಅಮ್ಮ, ಆಮೇಲೆ ನಿಜ ನಿಜ ಬರೆದು ಕಳ್ಸು. ಒಂದೇ ಒಂದು ಗೀರು ಬಿದ್ರೂ ಮಾರಿಬಿಡ್ಬೇಕು" ಎಂದಿದ್ದೆ. ನಾನೂ ತಲೆಯಾಡಿಸಿದ್ದೆ. ಇವತ್ತಿಗೆ ಸರಿಯಾಗಿ ತಿಂಗಳು. ಇಗೋ ವರದಿ.

ಮೊದಲು ಹೊಗಳಿಕೆ. ಹೆತ್ತ ಮಗಳನ್ನೂ ನಾನು ಇಷ್ಟು ಹೊಗಳಿದವಳಲ್ಲ, ಬೇಸರ ಮಾಡಿಕೊಳ್ಳಬೇಡ. ನಮ್ಮ ಹಳೆಯ ಮೋಟಾರ್ ದೋಣಿಯ ಫ್ಯಾನು ಭದ್ರೆಯ ಬಂಡೆಗೆ ತಾಗಿ ಎಷ್ಟು ಸಲ ಮುರಿದಿದೆಯೋ! ಇದಕ್ಕೆ ಹೊರಗೆ ಫ್ಯಾನೇ ಇಲ್ಲ. ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತದೆ, ಆ ರಭಸಕ್ಕೆ ಮುಂದಕ್ಕೆ ಓಡುತ್ತದೆ. ನಿಮ್ಮಪ್ಪ ನಲವತ್ತು ವರ್ಷದಿಂದ ಎಲೆಅಡಿಕೆ ಉಗುಳುತ್ತಿದ್ದಾರೆ, ಒಂದಡಿಯೂ ಮುಂದೆ ಹೋಗಿಲ್ಲ. ಮೊಣಕಾಲುದ್ದ ನೀರಿದ್ದರೆ ನನ್ನ ದೋಣಿಗೆ ಅದೇ ಸಮುದ್ರ.

ಆ ದಡದಿಂದ ನಮ್ಮ ತೋಟಕ್ಕೆ ಕಾಫಿ ಕೊಯ್ಯಲು ಬರುವ ಗಿಡ್ಡಮ್ಮ ಮೊದಲ ದಿನ ಹತ್ತಲೇ ಇಲ್ಲ. "ಎಂತದು ಮಾರಾಯ್ರೇ ಇದು! ಹೊಳೆನೇ ಕುಡ್ದು ಹೊಳೆಗೇ ಉಗೀತದಲ್ಲ!" ಎಂದು ದಡದಲ್ಲೇ ಕೂತಳು. ಈಗ ಮುಂದಿನ ಸೀಟು ಅವಳದು. ಬೇರೆ ಯಾರಾದರೂ ಕೂತರೆ ಎಬ್ಬಿಸುವವರೆಗೂ ಬಿಡುವುದಿಲ್ಲ.

ಇನ್ನು ಸುಧಾರಣೆಗಳು. ಮೊದಲ ವಾರವೇ ನೀರು ಹೀರುವ ಬಾಯಿಗೆ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡಿತು. ನನ್ನ ತಲೆ ಓಡಿತು. ಅಟ್ಟದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಜರಡಿ ಹಿಡಿಯುವ ಹಳೆಯ ಜಾಲರಿ ಇತ್ತಲ್ಲ, ಅದನ್ನು ಕತ್ತರಿಸಿ ಆ ಬಾಯಿಗೆ ಬಿಗಿಯುವಂತೆ ಕಳಸದ ಜೀಪ್ ಮೆಕ್ಯಾನಿಕ್ ಇಜಾಜನಿಗೆ ಹೇಳಿದೆ. "ಮೇಡಂ, ಇದು ಪಾರ್ಚ್‌ಮೆಂಟ್ ಅಲ್ಲ, ಹೊಳೆ" ಎಂದು ಅವನು ತಲೆ ಕೆರೆದುಕೊಂಡ. ಏಳನೇ ಕ್ಲಾಸಿನಲ್ಲಿ ಅವನಿಗೆ ಲೆಕ್ಕ ಕಲಿಸಿದವಳು ನಾನು. ಸುಮ್ಮನೆ ಬಿಗಿ ಎಂದೆ. ಬಿಗಿದ. ದೋಣಿಗೆ ನೆಗಡಿಯಾಗಿ ಮೂಗು ಕಟ್ಟಿದಂತಾಯಿತು. ಎಂಜಿನ್ ಮಾತ್ರ ಅರಚುತ್ತಿತ್ತು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ದಡದಲ್ಲಿ ನಡೆಯುತ್ತಿದ್ದ ಗಿಡ್ಡಮ್ಮ ನಮ್ಮನ್ನು ಹಿಂದೆ ಹಾಕಿದಳು. ಇಜಾಜ್ ನಗಲಿಲ್ಲ, ಮರ್ಯಾದಸ್ಥ. ಮುಖ ಆಚೆ ತಿರುಗಿಸಿಕೊಂಡ, ಬೆನ್ನು ಮಾತ್ರ ಅಲುಗುತ್ತಿತ್ತು. ಈಗ ಅಲ್ಲಿ ಬೆರಳಗಲದ ಸಂದು ಬಿಟ್ಟು ಸ್ಟೀಲ್ ಸರಳು ಹಾಕಿದ್ದಾನೆ. ಎಲೆಯೂ ನುಗ್ಗುವುದಿಲ್ಲ, ಉಸಿರೂ ಕಟ್ಟುವುದಿಲ್ಲ.

ಹಿಂದೆ ಮೂರು ಚೀಲ ಪಾರ್ಚ್‌ಮೆಂಟ್ ಕೂರುವಷ್ಟು ಹಲಗೆ ಹಾಕಿಸಿದ್ದೇನೆ. ಅಂಗಳದಲ್ಲಿ ಸುಮ್ಮನೆ ನಿಂತಿರುವ ನಿಮ್ಮಪ್ಪನ ಜೀಪಿನ ಹಾರ್ನ್ ಬಿಚ್ಚಿ ಇದಕ್ಕೆ ಕೂರಿಸಿದೆ. ಒತ್ತಿದರೆ ಎರಡೂ ದಡದ ನಾಯಿಗಳು ಎದ್ದು ನಿಲ್ಲುತ್ತವೆ. ಅವರ ಕಣ್ಣಿನ ಆಪರೇಷನ್ ಆದಮೇಲೆ ನೀನು ಜೀಪಿನ ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋದೆಯಲ್ಲ, ಅಂದಿನಿಂದ ಅವರು ಗಾಡಿಯ ಸುದ್ದಿಯನ್ನೇ ಎತ್ತಿಲ್ಲ. ಹಾರ್ನ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಹಿಡಿದುಕೊಂಡಿದ್ದರು, ಅಷ್ಟೆ.

ಒಂದು ಮಾತು, ಮಗಳೇ. ಮೂವತ್ತೊಂದು ವರ್ಷ, ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಆ ದಡದಲ್ಲಿ ನಿಂತು "ಓಯ್" ಎಂದು ಕೂಗಿದ್ದೇನೆ. ನಿಮ್ಮಪ್ಪ ಕಾಫಿ ಮುಗಿಸಿ, ಎಲೆಅಡಿಕೆ ಹಾಕಿ, ಚಪ್ಪಲಿ ಹುಡುಕಿ ದೋಣಿ ತರುವಷ್ಟರಲ್ಲಿ ಒಂದು ಕ್ಲಾಸಿನ ಹೋಮ್‌ವರ್ಕ್ ತಿದ್ದಿ ಮುಗಿದಿರುತ್ತಿತ್ತು. ಈ ತಿಂಗಳು ಒಂದು ಸಲವೂ ಕೂಗಿಲ್ಲ. ನನಗೆ ಬೇಕಾದಾಗ ಹೋದೆ, ಬೇಕಾದಾಗ ಬಂದೆ. ಮೊನ್ನೆ ಕೆಲಸವೇನೂ ಇರಲಿಲ್ಲ. ಆದರೂ ಕಳಸಕ್ಕೆ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದೆ. ಮನೆಯ ಹಿತ್ತಲಲ್ಲೇ ಬೆಳೆದಿದೆ, ಗೊತ್ತು.

ಈಗ ನೀನು ಕಾಯುತ್ತಿರುವ ಪ್ಯಾರಾ.

ಈ ದೋಣಿಗೆ ಒಂದು ಗುಣವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನೀರು ಉಗುಳುವುದು ನಿಲ್ಲುತ್ತದೆ. ಅದು ನಿಂತ ಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂಗಿನ ನೇರಕ್ಕೇ ಹೋಗುತ್ತದೆ. ಬಂಡೆ ಕಂಡರೆ ಕಾಲು ಎತ್ತಬಾರದು, ಒತ್ತಿಯೇ ತಿರುಗಿಸಬೇಕು. "ಜೀಪು ಓಡ್ಸಿದವರಿಗೇ ಇದು ಕಷ್ಟ" ಎಂದು ಇಜಾಜ್ ಮೊದಲೇ ಎಚ್ಚರಿಸಿದ್ದ. ಕಳೆದ ಬುಧವಾರ ಬೆಳಿಗ್ಗೆ, ನಾವು ದೋಣಿ ಕಟ್ಟುವ ಕಡವಿನ ಕೆಳಗಿರುವ ದೊಡ್ಡ ಬಂಡೆ ಎದುರಾದಾಗ, ಜೀಪಿನ ಅಭ್ಯಾಸದಲ್ಲಿ ನಾನು ಕಾಲು ಎತ್ತಿ ಇಲ್ಲದ ಬ್ರೇಕನ್ನು ತುಳಿದೆ. ಎಡಗಡೆ ಒಂದೂವರೆ ಗೇಣಿನ ಗೀರು. ಯಾರಿಗೂ ಪೆಟ್ಟಾಗಿಲ್ಲ. ನಿಮ್ಮಪ್ಪ ಆಗ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು, ಅವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಇಜಾಜ್ ಬಣ್ಣದ ಡಬ್ಬಿ ತಂದಿದ್ದ. ಬೇಡವೆಂದೆ. ಬಣ್ಣದ ಕೆಳಗೆ ಏನಿದೆಯೆಂದು ಓದುವುದೇ ನಿನ್ನ ಕಸುಬು, ಅದನ್ನು ಅವಮಾನಿಸಬಾರದು. ಷರತ್ತು ಷರತ್ತೇ. ಯಾರಾದರೂ ಕೊಳ್ಳುವವರಿದ್ದರೆ ನೋಡು. ಹಾರ್ನ್ ಮಾತ್ರ ವಾಪಸ್ ಬಿಚ್ಚಿಕೊಳ್ಳುತ್ತೇನೆ.

ಒಂದು ತಿಂಗಳ ಕಾಲ ಯಾರನ್ನೂ ಕೂಗದ,
ನಿನ್ನ ಅಮ್ಮ
ಭಾಗೀರಥಿ

ತಾ.ಕ.: ಮಗಳೇ, ಇದು ಅಪ್ಪ. ಲಕೋಟೆ ಅಂಟಿಸುವ ಕೆಲಸ ನನಗೆ ಕೊಟ್ಟಿದ್ದಾಳೆ. ಪೋಸ್ಟಾಫೀಸಿನ ಗೋಂದಿನ ಬಾಟಲಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ನಿನ್ನ ಅಮ್ಮ ಈ ಜನ್ಮದಲ್ಲಿ ಜೀಪಿನ ಸ್ಟೀರಿಂಗ್ ಮುಟ್ಟಿದವಳಲ್ಲ. ಜೀಪಿನ ಅಭ್ಯಾಸ ಅವಳಿಗೆ ಎಲ್ಲಿಂದ ಬರಬೇಕು? ಬುಧವಾರ ಅವಳು ಸ್ನಾನಕ್ಕೆ ಹೋದಾಗ ಮೊಳೆಯಲ್ಲಿದ್ದ ದೋಣಿಯ ಕೀಲಿ ತೆಗೆದುಕೊಂಡು ಹೋದವನು ನಾನು. ಕಣ್ಣಿಗೆ ಬಂಡೆ ಚೆನ್ನಾಗಿಯೇ ಕಂಡಿತು, ಕಾಲು ಮಾತ್ರ ಮಾತು ಕೇಳಲಿಲ್ಲ. ನೀನು ನನ್ನನ್ನು ಬಯ್ಯುತ್ತೀಯೆಂದು ಅವಳು ತನ್ನ ದೋಣಿಯನ್ನೇ ಮಾರಲು ಹೊರಟಿದ್ದಾಳೆ. ಗೀರು ನನ್ನದು, ದೋಣಿ ಅವಳದು. ನಿನ್ನ ವರದಿಯಲ್ಲಿ ಹಾಗೇ ಬರೆದುಕೋ. ಬಯ್ಯುವುದಿದ್ದರೆ ಭಾನುವಾರ ಬಂದು ನನ್ನನ್ನೇ ಬಯ್ಯು, ಅವಳು ದಾಟಿಸುತ್ತಾಳೆ. ಈಗ ನನ್ನನ್ನು ಈ ದಡಕ್ಕೆ ಬಿಟ್ಟು ಅವಳು ಹಿಂದಿರುಗಿ ಹೋಗಿದ್ದಾಳೆ. ಇನ್ನು ನಾನು ಹೊಳೆ ಹತ್ತಿರ ಹೋಗಿ ನಿಂತು "ಓಯ್" ಎಂದು ಕೂಗಬೇಕು.