ಆನೆಯ ಗುದ್ದಿನ ತೂಕ

ಮಂಗಳವಾರ, ಮಾರ್ಚ್ ೧೧

ಜಿಮ್‌ನಲ್ಲಿ ಎಲ್ಲರೂ ಆನೆ ಅಂತ ಕರೆಯೋ ಬಾಕ್ಸರ್ ಇವತ್ತು ನನ್ನ ತಮ್ಮನನ್ನು ನೋಡೋಕೆ ಮನೆಗೆ ಬಂದಿದ್ದ. ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಜಿಮ್‌ನ ಹೆವಿವೇಟ್ ಬಾಕ್ಸರ್‌ಗಳಿಗೆಲ್ಲ ಗುದ್ದಿ ಅಭ್ಯಾಸ ಮಾಡೋಕೆ ಇಪ್ಪತ್ತು ವರ್ಷ ಅಂಗೈಗೆ ಪ್ಯಾಡ್ ಕಟ್ಟಿ ಹಿಡಿದವನು ನಾನು. ಯಾರ ಗುದ್ದು ಎಷ್ಟು ಭಾರ ಅಂತ ಎಲ್ಲರೂ ನನ್ನ ಅಂಗೈಯನ್ನೇ ಕೇಳ್ತಿದ್ದರು. ಆರು ವರ್ಷದ ಹಿಂದೆ, ಆನೆಯ ಜೊತೆ ಪಂದ್ಯ ಅಂತಾದಾಗ ತಮ್ಮನೂ ಕೇಳಿದ. "ಅವನದು ಬರೀ ಸದ್ದು ಕಣೋ, ತೂಕ ಇಲ್ಲ. ಹತ್ತಿರ ನುಗ್ಗಿ ಹೊಡಿ" ಅಂದೆ. ನುಗ್ಗಿದ. ಎರಡನೇ ಸುತ್ತಿನಲ್ಲಿ ಬಿದ್ದವನು ಇವತ್ತಿಗೂ ಅಂಗಿ ಗುಂಡಿ ಹಾಕಿಕೊಳ್ಳಲಾರ.

ಹೊರಡುವಾಗ ಆನೆ ಬಾಗಿಲಲ್ಲಿ ತಲೆ ತಗ್ಗಿಸಿ ಅಂದ: "ಆ ಪಂದ್ಯಕ್ಕೆ ಮುಂಚೆ ನಿಮ್ಮ ಮಣಿಕಟ್ಟು ಉಳುಕಿತ್ತಲ್ಲ ಸಾರ್. ನಿಮಗೆ ನೋವಾಗಬಾರದು ಅಂತ ಪ್ಯಾಡಿಗೆ ಮೆಲ್ಲಗೇ ಗುದ್ದುತ್ತಿದ್ದೆ."

ಉಳುಕಿದ್ದು ನನಗೇ ಮರೆತುಹೋಗಿತ್ತು. ಅವನ ಕರುಣೆಯನ್ನೇ ಅವನ ಬಲ ಅಂದುಕೊಂಡೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ.

ಸಂಜೆ ಊಟ ತಿನ್ನಿಸಿ ಬಾಯಿ ಒರೆಸುವಾಗ ತಮ್ಮ ಮೊದಲಿನ ಹಾಗೇ ನನ್ನ ಅಂಗೈಗೆ ಒಂದು ಗುದ್ದು ಕೊಟ್ಟ. "ಹೆಂಗಿದೆ ಅಣ್ಣಾ?"

ನೊಣ ಕೂತ ಹಾಗಿತ್ತು.

"ಕೈ ಉರೀತಿದೆ ಕಣೋ" ಅಂದೆ.

ನಕ್ಕ. ಈ ಸಲವೂ ನನ್ನ ಮಾತು ನಂಬಿದ.