ಮೊದಲೇ ಹೇಳಿಕೊಟ್ಟ ದಾರಿ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಔಷಧಿ ಅಂಗಡಿಯ ಆಂಟಿಗೆ ಡ್ರೈವಿಂಗ್ ಪಾಠ. ಕ್ಲಚ್ ಬಿಟ್ಟ ರಭಸಕ್ಕೆ ಕಾರು ಕಪ್ಪೆಯಂತೆ ಕುಪ್ಪಳಿಸಿತು. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುವುದರಿಂದ ಇಬ್ಬರೂ ಬದುಕಿದ್ದೇವೆ. ಟೆಸ್ಟ್ ಹತ್ತಿರ ಬಂತು, ಟೆಸ್ಟಿನ ರೂಟಿನಲ್ಲೇ ಮತ್ತೆ ಮತ್ತೆ ಓಡಿಸಲು ಹೇಳುತ್ತಿದ್ದೇನೆ — ಎಲ್ಲಿ ತಿರುವು, ಎಲ್ಲಿ ಕನ್ನಡಿ ನೋಡಬೇಕು, ಎಲ್ಲಿ ನಿಲ್ಲಬೇಕು. ಡ್ರೈವಿಂಗ್ ಕಲಿಸುವವರ ಅರ್ಧ ಹೊಟ್ಟೆಪಾಡು ಅದೇ.

ಮಧ್ಯಾಹ್ನ ಮಗಳು ಗುಬ್ಬಿಯ ಟೀಚರ್ ಫೋನ್. ಶಾಲೆಯ ಬೆಲ್ ಬದಲಾಯಿಸಿದ್ದಾರಂತೆ. ಸದ್ದು ಬೇರೆ. ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮಗಳು ಮೇಜಿನ ಕೆಳಗೆ ಹೋಗಿ ಕೂತವಳು ಹೊರಗೆ ಬಂದಿಲ್ಲ.

ಹೋಗಿ ಕರೆತಂದೆ. ಟೀಚರ್ ಗೇಟಿನವರೆಗೆ ಬಂದರು. “ಆ ಟೆಸ್ಟ್ ಏನಾಯ್ತು? ಆಟಿಸಮ್ಮೋ ಎಡಿಎಚ್‌ಡಿನೋ, ರಿಪೋರ್ಟ್ ಇದ್ರೆ ಕ್ಲಾಸಲ್ಲಿ ಇವಳ ಪಕ್ಕ ಒಬ್ಬರನ್ನ ಕೂರಿಸಬಹುದು. ಇಲ್ದಿದ್ರೆ ಮುಂದಿನ ಟರ್ಮ್ ಇಟ್ಕೊಳ್ಳೋದು ಕಷ್ಟ ಅಂತಾರೆ ನಮ್ಮ ಹೆಡ್ ಮೇಡಂ.”

ಸರ್ಕಾರಿ ಆಸ್ಪತ್ರೆಗೆ ಹೆಸರು ಕೊಟ್ಟಾಗ ಗುಬ್ಬಿಗೆ ಒಂದು ಹಲ್ಲೂ ಬಿದ್ದಿರಲಿಲ್ಲ. ಈಗ ಮುಂದಿನವು ಬಿದ್ದು, ಹೊಸವು ಬಂದೂ ಆಯಿತು. ಕೊನೆಗೂ ದಿನ ಕೊಟ್ಟಿದ್ದಾರೆ. ಇದೇ ಹದಿನೇಳಕ್ಕೆ.

ಫೆಬ್ರವರಿ 16, ಭಾನುವಾರ

ತಾಲೀಮು. ಹೊಸ ಜಾಗ ಎಂದರೆ ನಮ್ಮ ಮನೆಯಲ್ಲಿ ಇದಿಲ್ಲದೆ ಆಗುವುದಿಲ್ಲ. ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾಗಿಲು, ಕಾರಿಡಾರು, ಬೆಂಚು ಎಲ್ಲ ತೋರಿಸಿ, ಒಳಗೆ ಏನೇನು ಮಾಡಿಸುತ್ತಾರೆಂದು ಅಲ್ಲಿನ ನರ್ಸನ್ನು ಕೇಳಿ ಬಂದೆ. ಮನೆಯಲ್ಲಿ ತಾಲೀಮಿಗೆ ಇವರು, ಗುಬ್ಬಿಯ ಅಪ್ಪ, ಡಾಕ್ಟರು. ಮೈಮೇಲೆ ನನ್ನ ಬಿಳಿ ರೇನ್‌ಕೋಟು, ಗುಂಡಿ ಹಾಕಲು ಹೊಟ್ಟೆ ಬಿಡುತ್ತಿಲ್ಲ.

“ಹೆಸರು ಕೇಳ್ತಾರೆ. ಅವರ ಮುಖ ನೋಡಿ ಹೇಳು” ಎಂದೆ.

“ಆಮೇಲೆ?”

“ಗೊಂಬೆ ಕೊಡ್ತಾರೆ. ಅದಕ್ಕೆ ಊಟ ಮಾಡಿಸು.”

“ಆಮೇಲೆ?”

“ಸ್ವಲ್ಪ ನಗು. ಥ್ಯಾಂಕ್ಯೂ ಹೇಳು. ಮನೆಗೆ ಬರೋದು.”

ಅವಳ ಬದುಕೆಲ್ಲ ಆ ಒಂದು ‘ಆಮೇಲೆ’ಯ ಮೇಲೆ ನಿಂತಿದೆ. ಎಷ್ಟು ಸಲ ಕೇಳಿದರೂ ಹೇಳುತ್ತೇನೆ.

ಫೆಬ್ರವರಿ 17

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ಹೆಸರು ಹೇಳಿದಳು, ಮುಖ ನೋಡಿದಳು, ಗೊಂಬೆಗೆ ಊಟ ಮಾಡಿಸಿದಳು, ನಕ್ಕಳು.

“ಎಷ್ಟು ಚೆನ್ನಾಗಿ ಮಾತಾಡ್ತಾಳೆ” ಎಂದರು ಡಾಕ್ಟರು. “ಏನೂ ಇಲ್ಲಮ್ಮ ಮಗೂಗೆ. ನೀವೇ ಸುಮ್ನೆ ಗಾಬರಿ ಮಾಡ್ಕೊಂಡಿದ್ದೀರ.” ಬೆಂಚಿನ ತುಂಬ ಜನ. ಅವರನ್ನಾದರೂ ಏನು ಅನ್ನಲಿ.

ಇವರು ಕುಣಿಯುವುದೊಂದು ಬಾಕಿ. “ಏನೂ ಇಲ್ಲ ಅಂದ್ರಲ್ಲ, ಖುಷಿ ಪಡೋದು ಬಿಟ್ಟು ಯಾಕೆ ಮುಖ ಊದಿಸ್ಕೊಂಡಿದ್ದೀಯ?”

ಗುಬ್ಬಿ ಮನೆಗೆ ಬಂದವಳೇ ಮಂಚದ ಕೆಳಗೆ ಹೋದಳು. ಅಲ್ಲಿಂದಲೇ ಕೇಳಿದಳು: “ಮುಗೀತಾ? ಇನ್ನು ನಗಬೇಕಾಗಿಲ್ವಾ?”

ಫೆಬ್ರವರಿ 19

ತಲೆ ಬುಡ ತಿಳಿಯುತ್ತಿಲ್ಲ. ಡಾಕ್ಟರು ಹೇಳಿದ್ದು ಸರಿಯಿದ್ದರೆ ಶಾಲೆಯಲ್ಲಿ ಮೇಜಿನ ಕೆಳಗೆ ಕೂತವಳು ಯಾರು? ಟೀಚರ್ ಹೇಳಿದ್ದು ಸರಿಯಿದ್ದರೆ ಆಸ್ಪತ್ರೆಯಲ್ಲಿ ನಕ್ಕವಳು ಯಾರು? ತಲೆ ಕೆಟ್ಟಿರುವುದು ನನಗೇನೋ... ಇಡೀ ದಿನ ಅವಳನ್ನೇ ನೋಡುತ್ತಿದ್ದೆ, ಅಂಗಡಿಯಲ್ಲಿ ಬಟ್ಟೆ ತಿರುವಿ ನೋಡುವ ಹಾಗೆ. ನಾಚಿಕೆಯಾಯಿತು.

ಮಾರ್ಚ್ 10, ಸೋಮವಾರ

ಔಷಧಿ ಅಂಗಡಿಯ ಆಂಟಿ ಕಳೆದ ವಾರವೇ ಪಾಸು. ಇವತ್ತು ಹೊಸ ಕಾರಿನಲ್ಲಿ ಬಂದರು, ಬಾಗಿಲು ಒಳಕ್ಕೆ ಹೋಗಿದೆ.

“ಆ ರೂಟಲ್ಲಿ ಕಣ್ಣು ಮುಚ್ಚಿ ಓಡಿಸ್ತೀನಿ ಕಣಮ್ಮ. ಪಕ್ಕದ ಬೀದಿಗೆ ತಿರುಗಿದೆ ನೋಡು, ಎಲ್ಲಾ ಮರೆತೇ ಹೋಯ್ತು.”

ನಗುತ್ತಿದ್ದೆ. ನಗು ಅರ್ಧಕ್ಕೇ ನಿಂತಿತು.

ನಾನು ಮಗಳಿಗೆ ಟೆಸ್ಟಿನ ರೂಟು ತೋರಿಸಿ ಕಳಿಸಿದ್ದೆ. ಡಾಕ್ಟರು ನೋಡಿದ್ದು ಅವಳನ್ನಲ್ಲ, ನನ್ನ ಪಾಠವನ್ನು.

ಮಾರ್ಚ್ 13

ಆಸ್ಪತ್ರೆಗೆ ಫೋನ್. ಮತ್ತೊಮ್ಮೆ ನೋಡುತ್ತಾರಂತೆ — ಆದರೆ ಹೊಸದಾಗಿ ಹೆಸರು ಕೊಟ್ಟು, ಸಾಲಿನ ಕೊನೆಯಿಂದ. ಅಷ್ಟರಲ್ಲಿ ಶಾಲೆಯವರು ಕೈಬಿಟ್ಟಿರುತ್ತಾರೆ. ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಮುಂದಿನ ವಾರವೇ ಸಿಕ್ಕಿತು. ಅದರ ಖರ್ಚಿನ ಮಾತು ಇಲ್ಲಿ ಬೇಡ, ದಿನಚರಿಯಲ್ಲಾದರೂ ನೆಮ್ಮದಿ ಇರಲಿ.

ಈ ಸಲ ಏನೂ ಹೇಳಿಕೊಡುವುದಿಲ್ಲ ಎಂದೆ.

ಇವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ, “ಅವಳು ಹೆದರ್ತಾಳೆ ಕಣೇ.”

“ಹೆದರಿದ್ರೇ ತಾನೇ ಅವರಿಗೆ ಗೊತ್ತಾಗೋದು?”

“ನಿನ್ನ ಬಾಯಿಂದ ಈ ಮಾತು ಬಂತಲ್ಲ” ಎಂದು ಎದ್ದು ಹೋದರು. ಹೇಳಿಕೊಟ್ಟರೆ ರಿಪೋರ್ಟ್ ಇಲ್ಲ, ಹೇಳದಿದ್ದರೆ ಮಗು ನಲುಗುತ್ತದೆ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ 20, ಬೆಳಿಗ್ಗೆ 9.40

ಕ್ಲಿನಿಕ್ಕಿನ ಹೊರಗೆ, ಕಾರಿನಲ್ಲಿ. ಬೇಗ ಬಂದಿದ್ದೇವೆ. ಹಿಂದಿನ ಸೀಟಿನಿಂದ ಕೇಳುತ್ತಲೇ ಇದ್ದಾಳೆ. “ಒಳಗೆ ಏನಿದೆ? ಆಮೇಲೆ? ಆಮೇಲೆ, ಅಮ್ಮ?” ಗೊತ್ತಿಲ್ಲ ಎಂದೆ. ಅವಳಿಗೆ ಹೇಳಿದ ಮೊದಲ ಸುಳ್ಳು. ಇಂಡಿಕೇಟರ್ ಹಾಕಿದ್ದೇನೆ, ಅದರ ಟಿಕ್ ಟಿಕ್ ಅವಳಿಗೆ ಇಷ್ಟ. ಕರೆಯುತ್ತಿ—

ಅದೇ ದಿನ, ಸಂಜೆ

ಕೋಣೆಯೊಳಗೆ ಎರಡು ಹೆಜ್ಜೆ. ಅಷ್ಟರಲ್ಲಿ ಪಕ್ಕದ ಬಚ್ಚಲಿನಲ್ಲಿ ಕೈ ಒಣಗಿಸುವ ಮಿಷನ್ ಗುರ್ರೆಂದಿತು. ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗಿದಳು. ಮೇಜಿನ ಕಾಲಿಗೆ ತಲೆ ಚಚ್ಚಿಕೊಳ್ಳತೊಡಗಿದಳು. ನಾನು ಕುರ್ಚಿಯಲ್ಲಿ. ನನ್ನ ಕಾಲು ನೆಲವನ್ನು ಒತ್ತುತ್ತಲೇ ಇತ್ತು, ಅಲ್ಲಿ ಬ್ರೇಕ್ ಇದೆಯೇನೋ ಎಂಬಂತೆ.

ಕ್ಲಿನಿಕ್ಕಿನ ಮೇಡಂ ದೀಪ ಆರಿಸಿದರು. ತಮ್ಮ ಮೆತ್ತೆಯನ್ನು ಅವಳ ತಲೆಗೂ ಮೇಜಿನ ಕಾಲಿಗೂ ನಡುವೆ ಇಟ್ಟು, ದೂರ ಹೋಗಿ ನೆಲದ ಮೇಲೆ ಕೂತರು. ಅಷ್ಟೂ ನನಗೆ ತೋಚಲಿಲ್ಲವಲ್ಲ...

ಸದ್ದು ನಿಂತ ಮೇಲೆ ಗುಬ್ಬಿ ನನ್ನನ್ನು ನೋಡಿದಳು. “ನೀನು ಹೇಳ್ಲೇ ಇಲ್ಲ.”

ಮೇಡಂ ಹತ್ತಿರ ಎಲ್ಲ ಹೇಳಿದೆ — ತಾಲೀಮು, ರೇನ್‌ಕೋಟು, ಗೊಂಬೆ, ಈ ಸಲ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಒಂದು ಕೋಣೆಗೆ ಬರೋಕೆ ಮಗೂಗೆ ಅಷ್ಟು ತಯಾರಿ ಬೇಕು ಅನ್ನೋದೇ ನಮಗೆ ದೊಡ್ಡ ವಿಷಯ. ಅದನ್ನ ನೀವು ಫೋನಲ್ಲೇ ಹೇಳಿದ್ರೆ ಸಾಕಿತ್ತು” ಎಂದರು, ಮೆತ್ತಗೆ. “ಇನ್ನೆರಡು ಸಲ ಬರಬೇಕು. ಎಲ್ಲಾ ಹೇಳಿಕೊಟ್ಟೇ ಕರ್ಕೊಂಡು ಬನ್ನಿ.”

ಸಾಕಿತ್ತು. ಒಂದು ಫೋನ್.

ಮಾರ್ಚ್ 25

ಗುಬ್ಬಿ ಈಗ ನನ್ನನ್ನು ಏನೂ ಕೇಳುವುದಿಲ್ಲ. ನಾಳೆ ಏನು, ಆಮೇಲೆ ಏನು — ಒಂದೂ ಇಲ್ಲ. ನನ್ನನ್ನು ದಾಟಿಕೊಂಡು ಅಪ್ಪನ ಹತ್ತಿರ ಹೋಗುತ್ತಾಳೆ. ಈ ಪ್ರಶ್ನೆಗಳಿಂದ ಬಿಡುಗಡೆ ಸಿಕ್ಕರೆ ಸಾಕೆಂದು ಎಷ್ಟು ಸಲ ಅಂದುಕೊಂಡಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಏಪ್ರಿಲ್ 4

ಉಳಿದೆರಡು ಸಲ ಇವರೇ ಎಲ್ಲ ಹೇಳಿಕೊಟ್ಟು ಕರೆದುಕೊಂಡು ಹೋಗಿದ್ದರು. ರಿಪೋರ್ಟ್ ಬಂತು. ಆಟಿಸಂ ಇದೆ, ಎಡಿಎಚ್‌ಡಿಯೂ ಇದೆ. ಇವರು ಓದಿ, ಮತ್ತೆ ಓದಿ, “ಅದೇ ಮಗು ತಾನೇ?” ಎಂದರು. ಹೌದು ಎಂದೆ. ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಪಾತ್ರೆ ತೊಳೆದೆವು.

ಟೀಚರ್‌ಗೆ ಫೋನ್ ಮಾಡಿದೆ. ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಸೋಮವಾರದಿಂದ ಪಕ್ಕದಲ್ಲಿ ಕೂರಲು ಒಬ್ಬ ಮಿಸ್ ಬರುತ್ತಾರೆ. ಹಸಿರು ದುಪಟ್ಟಾ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾರಂತೆ, ಗುರುತಿಗೆ. ಗುಬ್ಬಿಗೆ ಹೇಳಹೋದೆ. ಗೋಡೆಯ ಕಡೆ ತಿರುಗಿದಳು. “ಅಪ್ಪ ಹೇಳ್ಲಿ.”

ಏಪ್ರಿಲ್ 6, ಭಾನುವಾರ, ಸಂಜೆ

ಮನೆ ಮುಂದೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಇಂಡಿಕೇಟರ್ ಹಾಕಿದೆ. ಸುಮ್ಮನೆ ಏನಲ್ಲ, ಅವಳು ಬರಲಿ ಎಂದು.

ಬಂದಳು. ಹಿಂದಿನ ಸೀಟಿನಲ್ಲಿ ಕೂತಳು. ಬಹಳ ಹೊತ್ತು ಟಿಕ್ ಟಿಕ್. ಆಮೇಲೆ, ಕಿಟಕಿಯ ಕಡೆ ನೋಡುತ್ತ, “ನಾಳೆ ಏನಾಗುತ್ತೆ?”

 ತಿರುಗಲಿಲ್ಲ. ಮೊದಲು ಗೇಟು ಎಂದೆ. ಗೇಟಿನ ಹತ್ತಿರ ಹಸಿರು ದುಪಟ್ಟಾ ಹಾಕಿದ ಮಿಸ್ ನಿಂತಿರುತ್ತಾರೆ ಎಂದೆ. ಈಗ ‘ಆಮೇಲೆ?’ ಎನ್ನುತ್ತಾಳೆ ಎಂದು ಕಾದೆ.

“ನಿಂತಿಲ್ದಿದ್ರೆ?” ಎಂದಳು.

ಇದನ್ನು ಅವಳು ಈವರೆಗೆ ನನ್ನನ್ನು ಕೇಳಿದವಳೇ ಅಲ್ಲ. ಉತ್ತರಕ್ಕೆ ಕಾಯುತ್ತಿದ್ದಾಳೆ. ನಿಂತಿಲ್ಲದಿದ್ದರೆ, ಅವರು ಬರುವವರೆಗೆ ನಾವಿಬ್ಬರೂ ಗೇಟಿನ ಹತ್ತಿರ ಕಾರಿನಲ್ಲೇ ಕಾಯುವುದು, ಇಂಡಿಕೇಟರ್ ಹಾಕಿಕೊಂಡು.